ಭಾರತದಲ್ಲಿ ಭೂಬಳಕೆ ಮತ್ತು ಮಣ್ಣಿನ ಸವೆತದ ಸಮೀಕ್ಷೆ

ಭಾರತದಲ್ಲಿ ಭೂಬಳಕೆ ಮತ್ತು ಮಣ್ಣಿನ ಸವೆತದ ಸಮೀಕ್ಷೆ ಎಂಬುದು ದೇಶದ ನೆಲವು ಯಾವ ಯಾವ ಉದ್ದೇಶಕ್ಕೆ ಬಳಕೆಯಾಗುತ್ತಿದೆ, ಆ ಬಳಕೆ ಕಾಲಕ್ರಮದಲ್ಲಿ ಹೇಗೆ ಬದಲಾಗಿದೆ ಮತ್ತು ಮಳೆ, ಗಾಳಿಗಳಿಂದ ಮೇಲ್ಮಣ್ಣು ಎಷ್ಟು ಪ್ರಮಾಣದಲ್ಲಿ ಕೊಚ್ಚಿಹೋಗುತ್ತಿದೆ ಎಂಬುದನ್ನು ದಾಖಲಿಸುವ ವಿವಿಧ ಸರ್ಕಾರಿ ಹಾಗೂ ವೈಜ್ಞಾನಿಕ ಕಾರ್ಯಗಳ ಒಟ್ಟು ಹೆಸರು. ಈ ಕೆಲಸವನ್ನು ಒಂದೇ ಸಂಸ್ಥೆ ನಡೆಸುವುದಿಲ್ಲ. ಭೂಬಳಕೆಯ ಅಂಕಿಅಂಶಗಳು ಮುಖ್ಯವಾಗಿ ಹಳ್ಳಿಯ ಕಂದಾಯ ದಾಖಲೆಗಳಿಂದ ಬರುತ್ತವೆ. ಮಣ್ಣಿನ ಸ್ವರೂಪದ ಮಾಹಿತಿ ಮಣ್ಣು ಸಮೀಕ್ಷಾ ಸಂಸ್ಥೆಗಳಿಂದ ಬರುತ್ತದೆ. ಸವೆತದ ಪ್ರಮಾಣವನ್ನು ಪ್ರಾಯೋಗಿಕ ತಾಕು, ಜಲಾಶಯಗಳ ಹೂಳಿನ ಅಳತೆ ಮತ್ತು ಗಣಿತ ಸೂತ್ರಗಳ ನೆರವಿನಿಂದ ಅಂದಾಜು ಮಾಡಲಾಗುತ್ತದೆ. 1980ರ ದಶಕದಿಂದೀಚೆಗೆ ಉಪಗ್ರಹ ಚಿತ್ರಗಳು ಇವೆಲ್ಲಕ್ಕೂ ಪೂರಕವಾಗಿ ಸೇರಿಕೊಂಡಿವೆ. ಈ ಮೂಲಗಳು ಬೇರೆ ಬೇರೆ ಉದ್ದೇಶಕ್ಕಾಗಿ, ಬೇರೆ ಬೇರೆ ವ್ಯಾಖ್ಯೆಗಳೊಡನೆ ರೂಪುಗೊಂಡವು. ಆದ್ದರಿಂದ ಒಂದೇ ಪ್ರಶ್ನೆಗೆ ಅವು ನೀಡುವ ಉತ್ತರಗಳಲ್ಲಿ ಬಹಳ ಅಂತರ ಕಂಡುಬರುತ್ತದೆ. ಭಾರತದಲ್ಲಿ ಹಾಳಾದ ಭೂಮಿ ಎಷ್ಟಿದೆ ಎಂಬುದಕ್ಕೆ ಅಧಿಕೃತ ಮೂಲಗಳೇ 5.33 ಕೋಟಿ ಹೆಕ್ಟೇರ್‌ನಿಂದ 18.77 ಕೋಟಿ ಹೆಕ್ಟೇರ್‌ವರೆಗೆ ಬೇರೆ ಬೇರೆ ಅಂಕಿಗಳನ್ನು ನೀಡಿವೆ.

ಕಂದಾಯ ದಾಖಲೆಗಳು ಮತ್ತು ನವವಿಧ ವರ್ಗೀಕರಣ

ಭಾರತದ ಭೂಬಳಕೆ ಅಂಕಿಅಂಶಗಳ ಮೂಲ ಭೂಕಂದಾಯ ವ್ಯವಸ್ಥೆಯಲ್ಲಿದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ, ಎಷ್ಟು ನೆಲ ಬೀಳು ಬಿದ್ದಿದೆ, ಎಷ್ಟು ಖರಾಬು ಎಂಬುದನ್ನು ಹಳ್ಳಿಯ ಲೆಕ್ಕಿಗ ಪ್ರತಿ ಹಂಗಾಮಿನಲ್ಲೂ ನಮೂದಿಸಬೇಕು ಎಂಬ ನಿಯಮ ತೆರಿಗೆ ವಸೂಲಿಯ ಅಗತ್ಯದಿಂದ ಹುಟ್ಟಿದ್ದು. ಕೃಷಿ ವಿಜ್ಞಾನದ ಅಗತ್ಯದಿಂದಲ್ಲ. ಈಗಿನ ಕರ್ನಾಟಕದ ಬಹುಭಾಗದಲ್ಲಿ ಈ ಕೆಲಸ ಶಾನುಭೋಗರದಾಗಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದ ಬಳಿಕ ಅದು ಗ್ರಾಮ ಲೆಕ್ಕಾಧಿಕಾರಿಗಳಿಗೆ ಬಂತು. ಪಹಣಿಯ ಬೆಳೆ ಕಾಲಂನಲ್ಲಿ ಬರೆದ ನಮೂದು ತಾಲ್ಲೂಕು, ಜಿಲ್ಲೆ, ರಾಜ್ಯಗಳ ಮಟ್ಟದಲ್ಲಿ ಕೂಡುತ್ತಾ ಹೋಗಿ ಕೊನೆಗೆ ರಾಷ್ಟ್ರೀಯ ಅಂಕಿಯಾಗುತ್ತದೆ.

ಸ್ವಾತಂತ್ರ್ಯಕ್ಕೆ ಮೊದಲು ಭೂಬಳಕೆಯನ್ನು ಐದು ವರ್ಗಗಳಲ್ಲಿ ಮಾತ್ರ ತೋರಿಸಲಾಗುತ್ತಿತ್ತು: ಅರಣ್ಯ, ಸಾಗುವಳಿಗೆ ದೊರೆಯದ ಭೂಮಿ, ಬೀಳನ್ನು ಬಿಟ್ಟು ಉಳಿದ ಸಾಗುವಳಿಯಾಗದ ಭೂಮಿ, ಬೀಳು ಭೂಮಿ ಮತ್ತು ನಿವ್ವಳ ಬಿತ್ತನೆ ಪ್ರದೇಶ. ಪ್ರಾಂತ್ಯಗಳು ಹಾಗೂ ಸಂಸ್ಥಾನಗಳು ಈ ವರ್ಗಗಳನ್ನು ತಮ್ಮ ತಮ್ಮ ರೀತಿಯಲ್ಲಿ ಅರ್ಥೈಸುತ್ತಿದ್ದುದರಿಂದ ಹೋಲಿಕೆ ಕಷ್ಟವಾಗಿತ್ತು. ಕೃಷಿ ಅಂಕಿಅಂಶಗಳ ಸಮನ್ವಯಕ್ಕಾಗಿ 1948ರಲ್ಲಿ ನೇಮಕವಾದ ತಾಂತ್ರಿಕ ಸಮಿತಿಯು ಇದನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಲು ಶಿಫಾರಸು ಮಾಡಿತು. ಅರಣ್ಯ, ಕೃಷಿಯೇತರ ಬಳಕೆಯ ಭೂಮಿ, ಬಂಜರು ಹಾಗೂ ಸಾಗುವಳಿಗೆ ಬಾರದ ಭೂಮಿ, ಶಾಶ್ವತ ಗೋಮಾಳ ಮತ್ತು ಇತರ ಮೇವಿನ ಭೂಮಿ, ಬಿತ್ತನೆ ಪ್ರದೇಶಕ್ಕೆ ಸೇರದ ತೋಪು ಮತ್ತು ಮರಬೆಳೆಗಳು, ಸಾಗುವಳಿಗೆ ಯೋಗ್ಯವಾದ ಪಾಳು ಭೂಮಿ, ಚಾಲ್ತಿ ಬೀಳು, ಇತರ ಬೀಳು, ನಿವ್ವಳ ಬಿತ್ತನೆ ಪ್ರದೇಶ ಎಂಬ ಈ ನವವಿಧ ವರ್ಗೀಕರಣವೇ ಇಂದಿಗೂ ಬಳಕೆಯಲ್ಲಿದೆ.

ಎಲ್ಲ ಹಳ್ಳಿಗಳ ಲೆಕ್ಕ ಸಕಾಲಕ್ಕೆ ಬಾರದ ಕಾರಣ 1968–69ರಿಂದ ಸಕಾಲಿಕ ವರದಿ ಯೋಜನೆ ಜಾರಿಗೆ ಬಂತು. ಇದರಡಿ ಪ್ರತಿ ವರ್ಷ ಶೇ. 20ರಷ್ಟು ಹಳ್ಳಿಗಳನ್ನು ಯಾದೃಚ್ಛಿಕವಾಗಿ ಆಯ್ದು ಅವುಗಳ ಬೆಳೆ ಪರಿಶೀಲನೆಯನ್ನು ಮೊದಲು ಮುಗಿಸಲಾಗುತ್ತದೆ. ಶಾಶ್ವತ ಜಮೀನ್ದಾರಿ ಪದ್ಧತಿಯ ಹಿನ್ನೆಲೆಯಿಂದಾಗಿಯೋ ಬೇರೆ ಕಾರಣದಿಂದಲೋ ಹಳ್ಳಿ ಮಟ್ಟದ ಕಂದಾಯ ವರದಿಗಾರರಿಲ್ಲದ ಪಶ್ಚಿಮ ಬಂಗಾಳ, ಒಡಿಶಾ ಮತ್ತು ಕೇರಳಗಳಲ್ಲಿ ಮಾದರಿ ಸಮೀಕ್ಷೆಯ ಪ್ರತ್ಯೇಕ ವ್ಯವಸ್ಥೆ ಇದೆ.

1950ರಿಂದೀಚೆಗಿನ ಭೂಬಳಕೆಯ ಗತಿ

ದೇಶದ ಭೌಗೋಳಿಕ ವಿಸ್ತೀರ್ಣ ಸುಮಾರು 32.87 ಕೋಟಿ ಹೆಕ್ಟೇರ್. ಆದರೆ 1950–51ರಲ್ಲಿ ಭೂಬಳಕೆಯ ವರದಿ ದೊರೆತದ್ದು 28.43 ಕೋಟಿ ಹೆಕ್ಟೇರ್‌ಗೆ ಮಾತ್ರ. 1970–71ರ ವೇಳೆಗೆ ಅದು 30 ಕೋಟಿ ಹೆಕ್ಟೇರ್ ದಾಟಿತು. ಹೀಗೆ ಮೊದಲ ಎರಡು ದಶಕಗಳಲ್ಲಿ ಲೆಕ್ಕಕ್ಕೆ ಸಿಕ್ಕುವ ನೆಲವೇ ಹಿಗ್ಗುತ್ತಿದ್ದುದನ್ನು ಗಮನದಲ್ಲಿಟ್ಟುಕೊಂಡೇ ಆ ಕಾಲದ ಏರಿಳಿತಗಳನ್ನು ಓದಬೇಕಾಗುತ್ತದೆ.

ನಿವ್ವಳ ಬಿತ್ತನೆ ಪ್ರದೇಶವು 1950–51ರಲ್ಲಿ 11.88 ಕೋಟಿ ಹೆಕ್ಟೇರ್ ಇದ್ದು 1970–71ರ ವೇಳೆಗೆ ಸುಮಾರು 14 ಕೋಟಿ ಹೆಕ್ಟೇರ್‌ಗೆ ಏರಿತು. ಆ ಬಳಿಕ ಅರ್ಧ ಶತಮಾನ ಅದು ಹೆಚ್ಚುಕಡಿಮೆ ಅಲ್ಲಿಯೇ ನಿಂತಿದೆ. ಹೆಚ್ಚಿದ್ದು ಅದೇ ನೆಲದ ಮೇಲಿನ ಒತ್ತಡ: ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬಿತ್ತಿದ ನೆಲವನ್ನೂ ಸೇರಿಸಿದ ಒಟ್ಟು ಬಿತ್ತನೆ ಪ್ರದೇಶ 13.19 ಕೋಟಿ ಹೆಕ್ಟೇರ್‌ನಿಂದ 2010ರ ದಶಕದ ಮಧ್ಯಭಾಗದ ಹೊತ್ತಿಗೆ ಸುಮಾರು 20 ಕೋಟಿ ಹೆಕ್ಟೇರ್ ಆಯಿತು. ಊರು, ರಸ್ತೆ, ಕಾರ್ಖಾನೆ, ಕಾಲುವೆ, ಜಲಾಶಯ ಮುಂತಾದ ಕೃಷಿಯೇತರ ಬಳಕೆ 93.6 ಲಕ್ಷ ಹೆಕ್ಟೇರ್‌ನಿಂದ 2010–11ರ ಸುಮಾರಿಗೆ 2.6 ಕೋಟಿ ಹೆಕ್ಟೇರ್ ದಾಟಿತು. ಒಂಬತ್ತು ವರ್ಗಗಳಲ್ಲಿ ತಡೆಯಿಲ್ಲದೆ ಏರುತ್ತ ಬಂದದ್ದು ಮುಖ್ಯವಾಗಿ ಇದೊಂದೇ.

ಇತರ ವರ್ಗಗಳ ವಿಷಯದಲ್ಲಿ ಎಚ್ಚರ ಬೇಕು. ತೋಪು ಮತ್ತು ಮರಬೆಳೆಗಳ ವರ್ಗವು 1950–51ರಲ್ಲಿ 1.98 ಕೋಟಿ ಹೆಕ್ಟೇರ್ ಇದ್ದುದು 1960–61ರಲ್ಲಿ ಕೇವಲ 45 ಲಕ್ಷ ಹೆಕ್ಟೇರ್ ಎಂದು ದಾಖಲಾಗಿದೆ. ಅದೇ ದಶಕದಲ್ಲಿ ಗೋಮಾಳಗಳ ವಿಸ್ತೀರ್ಣ 67 ಲಕ್ಷದಿಂದ ಸುಮಾರು 1.4 ಕೋಟಿ ಹೆಕ್ಟೇರ್‌ಗೂ ಅರಣ್ಯ 4.05 ಕೋಟಿಯಿಂದ 5.4 ಕೋಟಿ ಹೆಕ್ಟೇರ್‌ಗೂ ಏರಿತು. ಹತ್ತು ವರ್ಷಗಳಲ್ಲಿ ಒಂದೂವರೆ ಕೋಟಿ ಹೆಕ್ಟೇರ್ ತೋಪನ್ನು ಯಾರೂ ಕಡಿದಿರಲಿಲ್ಲ, ಅಷ್ಟು ಹುಲ್ಲುಗಾವಲನ್ನು ಯಾರೂ ಬೆಳೆಸಿಯೂ ಇರಲಿಲ್ಲ. ಹೊಸ ವರ್ಗೀಕರಣ ರಾಜ್ಯದಿಂದ ರಾಜ್ಯಕ್ಕೆ ನೆಲೆಗೊಳ್ಳುತ್ತಿದ್ದಂತೆ, ಜಮೀನ್ದಾರರ ಹಾಗೂ ಸಂಸ್ಥಾನಗಳ ಭೂಮಿ ಸರ್ಕಾರಕ್ಕೆ ಸೇರುತ್ತಿದ್ದಂತೆ, ನೆಲವು ಒಂದು ಕಾಲಂನಿಂದ ಇನ್ನೊಂದಕ್ಕೆ ದಾಟಿತು. ಈ ದಶಕದ ಅಂಕಿಗಳನ್ನು ಆರಂಭ ಬಿಂದುವಾಗಿಟ್ಟುಕೊಂಡು ಬರೆದ ಅನೇಕ ಪ್ರವೃತ್ತಿ ನಕ್ಷೆಗಳು ಈ ಕಾರಣದಿಂದ ದಾರಿತಪ್ಪಿಸುತ್ತವೆ.

ಅರಣ್ಯದ ಅಂಕಿಗೆ ಇನ್ನೊಂದು ತೊಡಕೂ ಇದೆ. ನವವಿಧ ವರ್ಗೀಕರಣದ ಅರಣ್ಯ ಎಂದರೆ ಕಾನೂನಿನ ಪ್ರಕಾರ ಅರಣ್ಯವೆಂದು ದಾಖಲಾದ ಅಥವಾ ಹಾಗೆ ನಿರ್ವಹಿಸಲ್ಪಡುವ ಭೂಮಿ. ಅಲ್ಲಿ ಮರ ಇರಲೇಬೇಕೆಂದಿಲ್ಲ. 1981ರಲ್ಲಿ ಸ್ಥಾಪನೆಯಾದ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು 1987ರಿಂದ ಪ್ರಕಟಿಸುತ್ತಿರುವ ಅರಣ್ಯ ಸ್ಥಿತಿ ವರದಿಗಳು ಅಳೆಯುವುದು ಅರಣ್ಯ ಹೊದಿಕೆಯನ್ನು: ಒಡೆತನ ಯಾರದೇ ಇರಲಿ, ಕನಿಷ್ಠ ಒಂದು ಹೆಕ್ಟೇರ್ ವಿಸ್ತಾರದಲ್ಲಿ ಶೇ. 10ಕ್ಕಿಂತ ಹೆಚ್ಚು ಮರಗಳ ಮೇಲ್ಚಾವಣಿ ಇದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಕೊಡಗಿನ ನೆರಳಿನಡಿಯ ಕಾಫಿ ತೋಟ ಒಂದು ಲೆಕ್ಕದಲ್ಲಿ ಕೃಷಿ ಭೂಮಿ, ಇನ್ನೊಂದರಲ್ಲಿ ಅರಣ್ಯ ಹೊದಿಕೆ.

ಮಣ್ಣು ಸಮೀಕ್ಷೆಯ ಬೆಳವಣಿಗೆ

ಮಣ್ಣಿನ ಸವೆತ ರಾಷ್ಟ್ರೀಯ ಕಾಳಜಿಯಾಗಿ ಕಾಣಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. 1928ರ ರಾಯಲ್ ಕೃಷಿ ಆಯೋಗದ ವರದಿ ಇದನ್ನು ಪ್ರಸ್ತಾಪಿಸಿತು. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗಾಗಿ ಐದು ಕೇಂದ್ರಗಳನ್ನು ಆರಂಭಿಸಲಾಯಿತು. ರೋಹ್ತಕ್ ಮತ್ತು ಸೊಲ್ಲಾಪುರಗಳನ್ನು ಬಿಟ್ಟರೆ ಉಳಿದ ಮೂರೂ ಇಂದಿನ ಕರ್ನಾಟಕದಲ್ಲಿವೆ: ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಬಿಜಾಪುರ, ಮದರಾಸು ಪ್ರಾಂತ್ಯದ ಬಳ್ಳಾರಿ ಬಳಿಯ ಹಗರಿ ಮತ್ತು ಹೈದರಾಬಾದ್ ಸಂಸ್ಥಾನದ ರಾಯಚೂರು. ಇಳಿಜಾರಿನ ತಾಕುಗಳ ಕೆಳಬದಿಯಲ್ಲಿ ತೊಟ್ಟಿ ಕಟ್ಟಿ, ಪ್ರತಿ ಮಳೆಯ ಬಳಿಕ ಹರಿದುಬಂದ ನೀರನ್ನೂ ಮಣ್ಣನ್ನೂ ತೂಗುವ ಪದ್ಧತಿ ಈ ಕಾಲದಲ್ಲಿ ಬೆಳೆಯಿತು.

1953ರಲ್ಲಿ ಕೇಂದ್ರ ಮಣ್ಣು ಸಂರಕ್ಷಣಾ ಮಂಡಳಿ ರಚನೆಯಾದ ಮೇಲೆ ಡೆಹ್ರಾಡೂನ್, ಚಂಡೀಗಢ, ಕೋಟಾ, ವಾಸದ್, ಆಗ್ರಾ, ಊಟಿ, ಬಳ್ಳಾರಿ ಮುಂತಾದೆಡೆ ಸಂಶೋಧನಾ ಕೇಂದ್ರಗಳು ಆರಂಭವಾದವು. ಒಂದೊಂದು ಕೇಂದ್ರಕ್ಕೂ ಒಂದೊಂದು ಬಗೆಯ ಸವೆತ ಒಪ್ಪಿಸಲಾಗಿತ್ತು: ಕೋಟಾ, ಆಗ್ರಾ, ವಾಸದ್‌ಗಳಿಗೆ ಚಂಬಲ್, ಯಮುನಾ, ಮಾಹಿ ನದಿಗಳ ಕಂದರ ಭೂಮಿ, ಚಂಡೀಗಢಕ್ಕೆ ಶಿವಾಲಿಕ್ ಬೆಟ್ಟಗಳ ಹಳ್ಳಗಳು, ಊಟಿಗೆ ನೀಲಗಿರಿಯ ಕಡಿದಾದ ಆಲೂಗಡ್ಡೆ ಹೊಲಗಳು. 1954ರಲ್ಲಿ ಆರಂಭವಾದ ಬಳ್ಳಾರಿ ಕೇಂದ್ರದ ಪಾಲಿಗೆ ಬಂದದ್ದು ಎರೆ ಮಣ್ಣು. ನೂರು ಮೀಟರಿಗೆ ಒಂದೆರಡು ಮೀಟರ್ ಮಾತ್ರ ಇಳಿಯುವ, ನೋಡಲು ಮಟ್ಟಸವೆನಿಸುವ ಎರೆ ಹೊಲಗಳಲ್ಲೂ ಸವೆತ ತೀವ್ರವಾಗಿರುತ್ತದೆ. ಒದ್ದೆಯಾದ ಎರೆ ಹಿಗ್ಗಿ ನೀರನ್ನು ಒಳಗೆ ಬಿಡುವುದಿಲ್ಲ. ಹಿಂಗಾರಿನ ಬಿತ್ತನೆಗೆ ಕಾಯುತ್ತ ಮುಂಗಾರಿನಲ್ಲಿ ಹೊಲ ಬರಿದಾಗಿರುವುದೂ ಒಂದು ಕಾರಣ. ಮಸಾರಿ ನೆಲದಲ್ಲಿ ಫಲ ಕೊಟ್ಟ ಸಮಪಾತಳಿ ಒಡ್ಡುಗಳು ಆಳವಾದ ಎರೆಯಲ್ಲಿ ಬಿರುಕುಬಿಟ್ಟು ಒಡೆದುಹೋಗುತ್ತಿದ್ದುದರಿಂದ, ನೀರನ್ನು ನಿಧಾನವಾಗಿ ಹೊರಗೆ ಸಾಗಿಸುವ ಇಳಿಜಾರು ಒಡ್ಡುಗಳನ್ನು ಅಲ್ಲಿಗೆ ಶಿಫಾರಸು ಮಾಡಲಾಯಿತು. ಈ ಕೇಂದ್ರಗಳು ಈಗ ಡೆಹ್ರಾಡೂನ್‌ನಲ್ಲಿರುವ ಭಾರತೀಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಸ್ಥೆಯ ಆಶ್ರಯದಲ್ಲಿವೆ.

ಮಣ್ಣಿನ ನಕ್ಷೆ ತಯಾರಿಸುವ ಕೆಲಸ ಪ್ರತ್ಯೇಕವಾಗಿ ಬೆಳೆಯಿತು. 1958ರಲ್ಲಿ ರೂಪುಗೊಂಡ ಅಖಿಲ ಭಾರತ ಮಣ್ಣು ಮತ್ತು ಭೂಬಳಕೆ ಸಮೀಕ್ಷಾ ಸಂಸ್ಥೆಯು ಮುಂದೆ ಕೃಷಿ ಸಚಿವಾಲಯದಡಿ ನದಿ ಕಣಿವೆ ಯೋಜನೆಗಳ ಜಲಾನಯನಗಳತ್ತ ಗಮನ ಹರಿಸಿತು. ಯಾವ ಕಿರುಜಲಾನಯನದಿಂದ ಅಣೆಕಟ್ಟಿಗೆ ಹೆಚ್ಚು ಹೂಳು ಬರುತ್ತದೆ ಎಂಬುದನ್ನು ಹೂಳು ಇಳುವರಿ ಸೂಚ್ಯಂಕದ ಮೂಲಕ ಗುರುತಿಸಿ, ಅತಿ ಹೆಚ್ಚಿನಿಂದ ಅತಿ ಕಡಿಮೆಯವರೆಗೆ ಐದು ಆದ್ಯತೆಗಳನ್ನು ನೀಡುವುದು ಅದರ ಪದ್ಧತಿ. ಸರ್ಕಾರದ ಹಣ ಯಾವ ಕಣಿವೆಗೆ ಮೊದಲು ಹೋಗಬೇಕು ಎಂಬುದನ್ನು ಈ ಆದ್ಯತೆ ನಿರ್ಧರಿಸುತ್ತಿತ್ತು. ಈ ಸಂಸ್ಥೆ 1990ರಲ್ಲಿ ಹೊರತಂದ ಜಲಾನಯನ ಅಟ್ಲಾಸ್ ದೇಶವನ್ನು 3,237 ಜಲಾನಯನಗಳಾಗಿ ವಿಂಗಡಿಸಿತು. ಇನ್ನೊಂದೆಡೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನಡಿ 1976ರಲ್ಲಿ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಬ್ಯೂರೋ ಸ್ಥಾಪನೆಯಾಯಿತು. ನಾಗಪುರದಲ್ಲಿ ಮುಖ್ಯ ಕಚೇರಿ ಹೊಂದಿರುವ ಇದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿದೆ.

ಸವೆತವನ್ನು ಅಂದಾಜು ಮಾಡುವ ವಿಧಾನ

ಇಡೀ ದೇಶದ ಸವೆತವನ್ನು ನೇರವಾಗಿ ಅಳೆಯಲು ಸಾಧ್ಯವಿಲ್ಲ. ಆದ್ದರಿಂದ ತಾಕುಗಳಲ್ಲಿ ಅಳೆದ ಮೌಲ್ಯಗಳನ್ನು ಸೂತ್ರದ ಮೂಲಕ ವಿಸ್ತರಿಸಲಾಗುತ್ತದೆ. ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಅಮೆರಿಕದ ವಿಷ್‌ಮೈಯರ್ ಮತ್ತು ಸ್ಮಿತ್ 1965ರಲ್ಲಿ ಪ್ರಕಟಿಸಿ 1978ರಲ್ಲಿ ಪರಿಷ್ಕರಿಸಿದ ಸಾರ್ವತ್ರಿಕ ಮಣ್ಣು ನಷ್ಟ ಸಮೀಕರಣ. ಮಳೆಯ ಹೊಡೆತದ ಶಕ್ತಿ, ಮಣ್ಣು ಕೊಚ್ಚಿಹೋಗುವ ಗುಣ, ಇಳಿಜಾರಿನ ಉದ್ದ, ಇಳಿಜಾರಿನ ಪ್ರಮಾಣ, ಬೆಳೆಯ ಹೊದಿಕೆ ಮತ್ತು ಸಂರಕ್ಷಣಾ ಕ್ರಮಗಳು ಎಂಬ ಆರು ಅಂಶಗಳನ್ನು ಗುಣಿಸಿದರೆ ಒಂದು ಹೆಕ್ಟೇರಿನಿಂದ ವರ್ಷಕ್ಕೆ ಸರಾಸರಿ ಎಷ್ಟು ಟನ್ ಮಣ್ಣು ಜರುಗುತ್ತದೆ ಎಂಬ ಅಂದಾಜು ಸಿಗುತ್ತದೆ. ಇದರ ಮೂಲಮಾನ 22.13 ಮೀಟರ್ ಉದ್ದದ, ಶೇ. 9ರಷ್ಟು ಇಳಿಜಾರಿನ ಬರಿ ನೆಲದ ತಾಕು.

ಗುಣಾಕಾರದ ಸೂತ್ರವಾದುದರಿಂದ ಒಂದು ಅಂಶದಲ್ಲಿ ಆದ ತಪ್ಪು ಉತ್ತರಕ್ಕೆ ಪೂರ್ತಿಯಾಗಿ ದಾಟುತ್ತದೆ. ಮಳೆಯ ಹೊಡೆತವನ್ನು ಲೆಕ್ಕಹಾಕಲು ನಿಮಿಷ ನಿಮಿಷದ ಮಳೆಯ ದಾಖಲೆ ಬೇಕು. ಭಾರತದ ಬಹುಪಾಲು ಮಳೆಮಾಪನ ಕೇಂದ್ರಗಳಲ್ಲಿ ದಿನದ ಒಟ್ಟು ಮಳೆ ಮಾತ್ರ ದೊರೆಯುತ್ತದೆ. ಹೀಗಾಗಿ 1970ರ ದಶಕದಲ್ಲಿ ಡೆಹ್ರಾಡೂನ್‌ನ ವಿಜ್ಞಾನಿಗಳು ವಾರ್ಷಿಕ ಮಳೆಯಿಂದಲೇ ಹೊಡೆತದ ಶಕ್ತಿಯನ್ನು ಊಹಿಸುವ ಸಂಬಂಧವನ್ನು ರೂಪಿಸಿ ದೇಶದ ನಕ್ಷೆ ತಯಾರಿಸಿದರು. ಸೂತ್ರದ ವ್ಯಾಪ್ತಿಯೂ ಸೀಮಿತ: ಪದರ ಸವೆತ ಮತ್ತು ಕಿರುಗಾಲುವೆ ಸವೆತವನ್ನು ಮಾತ್ರ ಅದು ಹಿಡಿಯುತ್ತದೆ. ಕೊರಕಲು, ನದಿದಂಡೆಯ ಕುಸಿತ, ಭೂಕುಸಿತಗಳು ಅದರ ಹೊರಗೆ ಉಳಿಯುತ್ತವೆ. ಜರುಗಿದ ಮಣ್ಣು ಹತ್ತು ಮಾರು ಕೆಳಗಿನ ಬದುವಿನಲ್ಲಿ ನಿಂತಿತೋ ಸಮುದ್ರ ಸೇರಿತೋ ಎಂಬುದನ್ನೂ ಅದು ಹೇಳದು.

ಎಷ್ಟು ಸವೆತವನ್ನು ಸಹಿಸಬಹುದು ಎಂಬುದು ಮಣ್ಣಿನಿಂದ ಮಣ್ಣಿಗೆ ಬೇರೆ. ಭಾರತದ ಮಣ್ಣುಗಳಿಗೆ ಈ ಸಹನ ಮಿತಿಯನ್ನು ವರ್ಷಕ್ಕೆ ಹೆಕ್ಟೇರಿಗೆ 2.5ರಿಂದ 12.5 ಟನ್‌ವರೆಗೆ ನಿಗದಿಪಡಿಸಲಾಗಿದೆ. ಕಲ್ಲಿನ ಮೇಲೆ ಒಂದು ಗೇಣು ದಪ್ಪದ ಮಣ್ಣಿರುವ ಹೊಲಕ್ಕೆ ಐದು ಟನ್ ನಷ್ಟವೂ ಹೆಚ್ಚು. ಆಳವಾದ ಮೆಕ್ಕಲು ಮಣ್ಣಿಗೆ ಹತ್ತು ಟನ್ ಸಹ್ಯ.

533 ಕೋಟಿ ಟನ್ ಎಂಬ ಅಂದಾಜು

ಭಾರತದ ಮಣ್ಣಿನ ಸವೆತದ ಬಗ್ಗೆ ಅತಿ ಹೆಚ್ಚು ಉಲ್ಲೇಖವಾಗುವ ಅಂಕಿ ವರ್ಷಕ್ಕೆ 533.4 ಕೋಟಿ ಟನ್. ಇದು ವಿ. ವಿ. ಧ್ರುವನಾರಾಯಣ ಮತ್ತು ರಾಮ್ ಬಾಬು 1983ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶ. 20 ಭೂಸಂಪನ್ಮೂಲ ವಲಯಗಳಿಂದ ದೊರೆತ ಸವೆತದ ದತ್ತಾಂಶ, ಕೆಲವು ನದಿಗಳ ಹೂಳಿನ ಪ್ರಮಾಣ, 36 ನದೀಬಯಲು ಮತ್ತು 17 ಜಲಾಶಯಗಳ ಜಲಾನಯನ ಪ್ರದೇಶಗಳ ಮಳೆ ಹೊಡೆತ ಇವುಗಳನ್ನು ಆಧರಿಸಿ ಅವರು ಈ ಮೊತ್ತಕ್ಕೆ ಬಂದರು. ಹೆಕ್ಟೇರಿಗೆ ಸರಾಸರಿ 16.35 ಟನ್. ಸಾಮಾನ್ಯ ಮಣ್ಣಿನ ಸಾಂದ್ರತೆಯಲ್ಲಿ ಇದು ಸುಮಾರು ಒಂದೂಕಾಲು ಮಿಲಿಮೀಟರ್ ದಪ್ಪದ ಪದರಕ್ಕೆ ಸಮ. ಕೊಚ್ಚಿಹೋದ ಮಣ್ಣಿನಲ್ಲಿ ಶೇ. 29ರಷ್ಟು ಶಾಶ್ವತವಾಗಿ ಸಮುದ್ರ ಸೇರುತ್ತದೆ, ಶೇ. 10ರಷ್ಟು ಜಲಾಶಯಗಳಲ್ಲಿ ತುಂಬಿಕೊಳ್ಳುತ್ತದೆ, ಉಳಿದ ಶೇ. 61 ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ ಎಂಬುದು ಅವರ ಅಂದಾಜು.

ಈ ಅಂಕಿಯನ್ನು ಮುಂದಿನ ಮೂರು ದಶಕಗಳ ಯೋಜನಾ ದಾಖಲೆಗಳೂ ಪಠ್ಯಪುಸ್ತಕಗಳೂ ಪುನರುಚ್ಚರಿಸಿದವು. ಎಷ್ಟೋ ಕಡೆ ಅದು ದೇಶ ಪ್ರತಿ ವರ್ಷ ಕಳೆದುಕೊಳ್ಳುವ ಮಣ್ಣು ಎಂದೇ ಅಚ್ಚಾಯಿತು. ಮೂಲ ಅಧ್ಯಯನದ ಪ್ರಕಾರವೇ ಅದರಲ್ಲಿ ಐದನೇ ಮೂರು ಭಾಗ ದೇಶದೊಳಗೇ, ಬೇರೆ ಹೊಲಗಳಲ್ಲೂ ತಗ್ಗುಗಳಲ್ಲೂ ಉಳಿಯುತ್ತದೆ ಎಂಬುದು ಮರೆತುಹೋಯಿತು. ಅಂದಾಜಿನ ಹಿಂದಿನ ದತ್ತಾಂಶ 1980ಕ್ಕೂ ಹಿಂದಿನದಾಗಿದ್ದರೂ ಇಸವಿ ಹೇಳದೆ ಅದನ್ನು ವರ್ತಮಾನದ ಅಂಕಿಯಂತೆ ಬಳಸುವ ರೂಢಿಯೂ ಬೆಳೆಯಿತು.

ವಿ. ಎನ್. ಶಾರದಾ ಮತ್ತು ಪಿ. ಆರ್. ಓಜಸ್ವಿ 2016ರಲ್ಲಿ ಪ್ರಕಟಿಸಿದ ಪರಿಷ್ಕೃತ ಲೆಕ್ಕದಲ್ಲಿ ಒಟ್ಟು ಸವೆತ 511 ಕೋಟಿ ಟನ್, ಹೆಕ್ಟೇರಿಗೆ 15.59 ಟನ್. ಮೊತ್ತ ಬಹಳ ಬದಲಾಗಲಿಲ್ಲ. ಹಂಚಿಕೆ ಮಾತ್ರ ಪೂರ್ತಿ ಬದಲಾಯಿತು. ಜಲಾಶಯಗಳಲ್ಲಿ ನಿಲ್ಲುವ ಪಾಲು ಶೇ. 10ರ ಬದಲು ಶೇ. 34.1, ದೇಶದ ಹೊರಗೆ ಹರಿಯುವ ಪಾಲು ಶೇ. 22.9, ನದೀಬಯಲುಗಳೊಳಗೇ ಸರಿಯುವ ಪಾಲು ಶೇ. 43. ಲೇಖಕರು ಈ ಪ್ರತಿಯೊಂದು ಪಾಲಿಗೂ ದೊಡ್ಡ ದೋಷಮಿತಿಯನ್ನು ನೀಡಿದ್ದಾರೆ. ಆದರೂ ನೀರಾವರಿ ಮತ್ತು ಕುಡಿಯುವ ನೀರಿನ ದೃಷ್ಟಿಯಿಂದ ಇದು ಗಂಭೀರ: ಹಿಂದೆ ಭಾವಿಸಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಮಣ್ಣು ಅಣೆಕಟ್ಟುಗಳ ಹಿಂದೆ ಕೂರುತ್ತಿದೆ ಎಂದು ಇದರ ಅರ್ಥ.

ಜಲಾಶಯಗಳ ಸಾಕ್ಷ್ಯ

ಜಲಾಶಯದ ಹೂಳು ಮೇಲಿನ ಜಲಾನಯನದ ಸವೆತವನ್ನು ಪರೋಕ್ಷವಾಗಿ ದಾಖಲಿಸುತ್ತದೆ. ಕೇಂದ್ರ ಜಲ ಆಯೋಗವು ದೇಶದ ಜಲಾಶಯಗಳ ಹೂಳಿನ ಸಮೀಕ್ಷೆಗಳನ್ನು ಕಾಲಕಾಲಕ್ಕೆ ಸಂಕಲಿಸುತ್ತದೆ. ಕರ್ನಾಟಕದಲ್ಲಿ ಹೆಚ್ಚು ಚರ್ಚೆಯಾದ ಉದಾಹರಣೆ ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯ. 1953ರಲ್ಲಿ ಸುಮಾರು 132.5 ಟಿಎಂಸಿ ಅಡಿ ಇದ್ದ ಅದರ ಸಾಮರ್ಥ್ಯ 2008ರ ಸಮೀಕ್ಷೆಯಲ್ಲಿ 100.855 ಟಿಎಂಸಿ ಅಡಿಗೆ ಇಳಿದಿತ್ತು. 2016ರ ಸಮೀಕ್ಷೆಯಲ್ಲಿ ಅದು 105.788 ಟಿಎಂಸಿ ಅಡಿ ಎಂದು ಬಂತು. ಎಂಟು ವರ್ಷಗಳಲ್ಲಿ ಐದು ಟಿಎಂಸಿ ಅಡಿ ಜಾಗದ ಹೂಳು ತಾನಾಗಿ ಹೊರಗೆ ಹೋಗುವುದು ಸಾಧ್ಯವಿಲ್ಲ. ಎರಡು ಸಮೀಕ್ಷೆಗಳ ಅಳತೆಯ ವಿಧಾನದಲ್ಲಿನ ವ್ಯತ್ಯಾಸವೇ ಇಲ್ಲಿ ಮುಖ್ಯವಾಗಿ ಕಾಣುತ್ತಿರುವುದು. ಮೂರು ರಾಜ್ಯಗಳು ಹಂಚಿಕೊಳ್ಳುವ ನೀರಿನ ಲೆಕ್ಕ ಈ ಅಂಕಿಯನ್ನು ಅವಲಂಬಿಸಿರುವುದರಿಂದ ಇದು ಕೇವಲ ತಾಂತ್ರಿಕ ವಿಷಯವಾಗಿ ಉಳಿಯುವುದಿಲ್ಲ.

ಉಪಗ್ರಹ ಆಧಾರಿತ ಸಮೀಕ್ಷೆಗಳು

1988ರ ಮಾರ್ಚ್‌ನಲ್ಲಿ ಐಆರ್‌ಎಸ್-1ಎ ಉಪಗ್ರಹ ಉಡಾವಣೆಯಾಗುವ ಮುನ್ನವೇ ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಬಳಸಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಪಾಳು ಭೂಮಿಯ ಮೊದಲ ರಾಷ್ಟ್ರೀಯ ನಕ್ಷೆ ತಯಾರಿಸಿತ್ತು. 1985ರ ಆ ಅಂದಾಜು 5.33 ಕೋಟಿ ಹೆಕ್ಟೇರ್. ಅದಕ್ಕಿಂತ ವಿವರವಾದ 1:50,000 ಪ್ರಮಾಣದ ನಕ್ಷೆಗಳನ್ನು ಆಧರಿಸಿ 2000ದಲ್ಲಿ ಬಂದ ಪಾಳುಭೂಮಿ ಅಟ್ಲಾಸ್ 6.39 ಕೋಟಿ ಹೆಕ್ಟೇರ್ ತೋರಿಸಿತು. ಮುಂದಿನ ಆವೃತ್ತಿಗಳಲ್ಲಿ ಈ ವಿಸ್ತೀರ್ಣ ಇಳಿಯುತ್ತ ಬಂದು 2008–09ಕ್ಕೆ 4.67 ಕೋಟಿ ಹೆಕ್ಟೇರ್ ಆಯಿತು. ಆದರೆ 2019ರ ಅಟ್ಲಾಸಿನಲ್ಲಿ ಅದೇ 2008–09ರ ಅಂಕಿ 5.66 ಕೋಟಿ ಹೆಕ್ಟೇರ್ ಎಂದಿದೆ, 2015–16ರದು 5.58 ಕೋಟಿ. ಹಿಂದಿನ ಆವೃತ್ತಿಗಳಲ್ಲಿ ನಕ್ಷೆಯ ಹೊರಗುಳಿದಿದ್ದ ಜಮ್ಮು ಮತ್ತು ಕಾಶ್ಮೀರದ ಸುಮಾರು 1.2 ಕೋಟಿ ಹೆಕ್ಟೇರ್ ಈ ಸಲ ಸೇರಿದ್ದು ಇದಕ್ಕೆ ಕಾರಣ. ಒಂದು ಆವೃತ್ತಿಯೊಳಗಿನ ಎರಡು ವರ್ಷಗಳನ್ನು ಹೋಲಿಸಬಹುದು. ಬೇರೆ ಬೇರೆ ಆವೃತ್ತಿಗಳ ಅಂಕಿಗಳನ್ನು ಸಾಲಾಗಿ ಜೋಡಿಸಿದರೆ ಇಲ್ಲದ ಏರಿಳಿತಗಳು ಕಾಣುತ್ತವೆ.

ಇಡೀ ದೇಶದ ಭೂಬಳಕೆ ಮತ್ತು ಭೂಹೊದಿಕೆಯ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ 2005–06, 2011–12 ಮತ್ತು 2015–16ರ ಸುತ್ತುಗಳಲ್ಲಿ ತಯಾರಿಸಲಾಗಿದೆ. ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರವು ಮರುಭೂಮೀಕರಣ ಮತ್ತು ಭೂ ಅವನತಿಯ ಅಟ್ಲಾಸನ್ನು ಪ್ರಕಟಿಸುತ್ತದೆ. ಅದರ ಪ್ರಕಾರ ಅವನತಿಗೊಳಗಾದ ಭೂಮಿ 2003–05ರಲ್ಲಿ 9.45 ಕೋಟಿ ಹೆಕ್ಟೇರ್, 2011–13ರಲ್ಲಿ 9.64 ಕೋಟಿ ಹೆಕ್ಟೇರ್ ಮತ್ತು 2018–19ರಲ್ಲಿ 9.79 ಕೋಟಿ ಹೆಕ್ಟೇರ್. ಕೊನೆಯದು ದೇಶದ ಭೌಗೋಳಿಕ ವಿಸ್ತೀರ್ಣದ ಶೇ. 29.77. ಮೂರು ಅವಧಿಗಳಿಗೂ ಹೋಲಿಸಬಹುದಾದ ಒಂದೇ ಬಗೆಯ ಲೆಕ್ಕವನ್ನು ಕೊಟ್ಟಿರುವುದು ಈ ಅಟ್ಲಾಸಿನ ಹೆಚ್ಚುಗಾರಿಕೆ. 2018–19ರಲ್ಲಿ ನೀರಿನ ಸವೆತಕ್ಕೆ ಒಳಗಾದ ಪ್ರದೇಶ ಶೇ. 11.01, ಸಸ್ಯಹೊದಿಕೆಯ ನಾಶ ಶೇ. 9.15 ಮತ್ತು ಗಾಳಿಯ ಸವೆತ ಶೇ. 5.46. ಕರ್ನಾಟಕದಲ್ಲಿ 2011–13ರ ಹೊತ್ತಿಗೆ ರಾಜ್ಯದ ವಿಸ್ತೀರ್ಣದ ಶೇ. 36ರಷ್ಟು ಭೂಮಿ ಅವನತಿಯ ಪಟ್ಟಿಯಲ್ಲಿತ್ತು.

ಅಂಕಿಗಳ ನಡುವಿನ ಅಂತರ

1976ರ ರಾಷ್ಟ್ರೀಯ ಕೃಷಿ ಆಯೋಗದ ಅಂದಾಜಿನಲ್ಲಿ ಹಾಳಾದ ಭೂಮಿ 14.8 ಕೋಟಿ ಹೆಕ್ಟೇರ್. ಕೃಷಿ ಸಚಿವಾಲಯ 1985ರಲ್ಲಿ 17.36 ಕೋಟಿ ಎಂದೂ 1994ರಲ್ಲಿ 10.74 ಕೋಟಿ ಎಂದೂ ಹೇಳಿತು. ಅದೇ 1994ರಲ್ಲಿ ನಾಗಪುರದ ಬ್ಯೂರೋ 18.77 ಕೋಟಿ ಎಂದಿತು; 2004ರಲ್ಲಿ ಅದನ್ನೇ 14.68 ಕೋಟಿಗೆ ಪರಿಷ್ಕರಿಸಿತು. ಹತ್ತು ವರ್ಷಗಳಲ್ಲಿ ನಾಲ್ಕು ಕೋಟಿ ಹೆಕ್ಟೇರ್ ಸುಧಾರಿಸಿತು ಎಂದು ಇದನ್ನು ಓದಬಾರದು. ವ್ಯಾಖ್ಯೆ ಮತ್ತು ನಕ್ಷೆಯ ಪ್ರಮಾಣ ಬದಲಾಗಿದ್ದವು.

ಈ ಗೊಂದಲವನ್ನು ನಿವಾರಿಸಲು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಮತ್ತು ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿ ಬೇರೆ ಬೇರೆ ಸಂಸ್ಥೆಗಳ ದತ್ತಾಂಶವನ್ನು ಒಂದುಗೂಡಿಸಿ 2010ರಲ್ಲಿ ಸಮನ್ವಿತ ಅಂಕಿಯೊಂದನ್ನು ಪ್ರಕಟಿಸಿದವು. ಅದರಂತೆ ಹಾಳಾದ ಭೂಮಿ 12.07 ಕೋಟಿ ಹೆಕ್ಟೇರ್. ಅದರಲ್ಲಿ 8.26 ಕೋಟಿ ಹೆಕ್ಟೇರ್ ನೀರಿನ ಸವೆತಕ್ಕೂ 1.24 ಕೋಟಿ ಹೆಕ್ಟೇರ್ ಗಾಳಿಯ ಸವೆತಕ್ಕೂ ಒಳಗಾದದ್ದು. ನೀರಿನ ಸವೆತದ ಈ ಅಂಕಿ ಅಹಮದಾಬಾದಿನ ಅಟ್ಲಾಸಿನ ಸುಮಾರು 3.6 ಕೋಟಿ ಹೆಕ್ಟೇರ್‌ನ ಎರಡು ಪಟ್ಟಿಗಿಂತ ಹೆಚ್ಚು. ಎರಡೂ ತಪ್ಪಲ್ಲ. ಸಮನ್ವಿತ ಲೆಕ್ಕವು ಸಮೀಕರಣದ ಪ್ರಕಾರ ವರ್ಷಕ್ಕೆ ಹೆಕ್ಟೇರಿಗೆ 10 ಟನ್‌ಗಿಂತ ಹೆಚ್ಚು ಮಣ್ಣು ಜರುಗಬಹುದಾದ ಕೃಷಿ ಭೂಮಿ ಮತ್ತು ವಿರಳ ಕಾಡನ್ನು ಸೇರಿಸಿಕೊಳ್ಳುತ್ತದೆ. ಅಟ್ಲಾಸು ಉಪಗ್ರಹ ಚಿತ್ರದಲ್ಲಿ ಸವೆತದ ಗುರುತು ಕಣ್ಣಿಗೆ ಬೀಳುವ ಜಾಗವನ್ನು ಗುರುತಿಸುತ್ತದೆ. ಉತ್ತು ಬಿತ್ತಿ ಹಸಿರಾಗಿರುವ ಹೊಲದಿಂದ ವರ್ಷವೂ ತೆಳುಪದರವಾಗಿ ಹೋಗುವ ಮಣ್ಣು ಆಕಾಶದಿಂದ ಕಾಣುವುದಿಲ್ಲ.

ಅಂಕಿಯ ಆಯ್ಕೆಗೆ ವ್ಯಾವಹಾರಿಕ ಪರಿಣಾಮಗಳಿವೆ. ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಪ್ಪಂದಕ್ಕೆ ಭಾರತ 1996ರಲ್ಲಿ ಸೇರಿತು. ಆ ಒಪ್ಪಂದದ ಸದಸ್ಯ ರಾಷ್ಟ್ರಗಳ 14ನೆಯ ಸಮ್ಮೇಳನ 2019ರಲ್ಲಿ ಭಾರತದಲ್ಲೇ ನಡೆದಾಗ, 2030ರ ವೇಳೆಗೆ ಪುನಶ್ಚೇತನಗೊಳಿಸಬೇಕಾದ ಭೂಮಿಯ ಗುರಿಯನ್ನು 2.1 ಕೋಟಿ ಹೆಕ್ಟೇರ್‌ನಿಂದ 2.6 ಕೋಟಿ ಹೆಕ್ಟೇರ್‌ಗೆ ಏರಿಸಲಾಯಿತು. 9.79 ಕೋಟಿಯ ಲೆಕ್ಕದಲ್ಲಿ ಅದು ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು, 12.07 ಕೋಟಿಯ ಲೆಕ್ಕದಲ್ಲಿ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು.

ಕರ್ನಾಟಕದ ಭೂಸಂಪನ್ಮೂಲ ದಾಖಲೆ

ರಾಷ್ಟ್ರೀಯ ನಕ್ಷೆಗಳ ಪ್ರಮಾಣವು ಒಬ್ಬ ರೈತನ ಹೊಲಕ್ಕೆ ಉಪಯೋಗವಾಗುವಷ್ಟು ಸೂಕ್ಷ್ಮವಲ್ಲ. ಈ ಕೊರತೆಯನ್ನು ನೀಗುವ ಪ್ರಯತ್ನ ಕರ್ನಾಟಕದ ಜಲಾನಯನ ಅಭಿವೃದ್ಧಿ ಇಲಾಖೆಯು ವಿಶ್ವಬ್ಯಾಂಕ್ ನೆರವಿನಿಂದ 2010ರ ದಶಕದಲ್ಲಿ ನಡೆಸಿದ ಸುಜಲಾ–3 ಯೋಜನೆಯಲ್ಲಿ ನಡೆಯಿತು. ಬೀದರ್, ಕಲಬುರಗಿ, ಯಾದಗಿರಿ, ಕೊಪ್ಪಳ, ಗದಗ, ದಾವಣಗೆರೆ, ಚಾಮರಾಜನಗರ ಮೊದಲಾದ ಜಿಲ್ಲೆಗಳ ಆಯ್ದ ಕಿರುಜಲಾನಯನಗಳಲ್ಲಿ ಗ್ರಾಮ ನಕ್ಷೆಯ 1:7,920 ಪ್ರಮಾಣದಲ್ಲೇ ಮಣ್ಣಿನ ಆಳ, ಕಣರಚನೆ, ಇಳಿಜಾರು, ಕಲ್ಲಿನ ಅಂಶ, ಸವೆತದ ಮಟ್ಟ ಮತ್ತು ಪೋಷಕಾಂಶಗಳನ್ನು ಸರ್ವೆ ನಂಬರುವಾರು ದಾಖಲಿಸಲಾಯಿತು. ನಾಗಪುರ ಬ್ಯೂರೋದ ಬೆಂಗಳೂರು ಕೇಂದ್ರ ಮತ್ತು ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳು ಇದರಲ್ಲಿ ಪಾಲ್ಗೊಂಡವು. ಎಲ್ಲಿ ಬದು ಹಾಕಬೇಕು, ಎಲ್ಲಿ ಕೃಷಿಹೊಂಡ ತೋಡಬೇಕು, ಯಾವ ಹೊಲಕ್ಕೆ ಯಾವ ಬೆಳೆ ಹೊಂದುತ್ತದೆ ಎಂಬ ಸಲಹೆಗೆ ಈ ದಾಖಲೆ ಆಧಾರವಾಗುತ್ತದೆ. ಆದರೆ ಇದು ಒಂದು ಕಾಲಘಟ್ಟದ ಚಿತ್ರ. ಹತ್ತು ಹದಿನೈದು ವರ್ಷಗಳ ಬಳಿಕ ಅದೇ ಬಿಂದುಗಳಿಗೆ ಹಿಂತಿರುಗಿ ಅಳೆದಾಗ ಮಾತ್ರ ಸವೆತದ ಗತಿ ತಿಳಿಯುತ್ತದೆ.

ಇತರ ದೇಶಗಳೊಡನೆ ಹೋಲಿಕೆ

ಒಂದೇ ಬಿಂದುಗಳಿಗೆ ಮತ್ತೆ ಮತ್ತೆ ಹಿಂತಿರುಗುವ ಸಮೀಕ್ಷೆಗೆ ಪ್ರಸಿದ್ಧ ಉದಾಹರಣೆ ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ಸಂಪನ್ಮೂಲ ದಾಖಲೆ. 1930ರ ದಶಕದ ಧೂಳಿನ ಬಿರುಗಾಳಿಗಳ ಬಳಿಕ ಅಲ್ಲಿ 1934ರಲ್ಲಿ ಸವೆತದ ಮೊದಲ ರಾಷ್ಟ್ರೀಯ ಪರಿಶೀಲನೆ ನಡೆದಿತ್ತು. 1982ರಿಂದ 1997ರವರೆಗೆ ಐದು ವರ್ಷಗಳಿಗೊಮ್ಮೆ, 2000ದಿಂದ ವರ್ಷಂಪ್ರತಿ ನಡೆಯುತ್ತಿರುವ ಈಗಿನ ಸಮೀಕ್ಷೆಯಲ್ಲಿ ಸುಮಾರು 3 ಲಕ್ಷ ಮಾದರಿ ತುಣುಕುಗಳೊಳಗಿನ 8 ಲಕ್ಷದಷ್ಟು ಬಿಂದುಗಳಿವೆ. ಅಯೋವಾ ರಾಜ್ಯ ವಿಶ್ವವಿದ್ಯಾಲಯ ಇದರ ಸಂಖ್ಯಾಶಾಸ್ತ್ರೀಯ ಹೊಣೆ ಹೊತ್ತಿದೆ. ಹೊಸ ವಿಧಾನ ಬಂದಾಗಲೆಲ್ಲ ಹಳೆಯ ವರ್ಷಗಳ ಅಂಕಿಗಳನ್ನೂ ಅದರಂತೆ ಮರುಲೆಕ್ಕ ಹಾಕಿ ಪ್ರಕಟಿಸುವುದರಿಂದ, 1982ರಿಂದ 2007ರ ನಡುವೆ ಸಾಗುವಳಿ ಭೂಮಿಯ ಸವೆತ ಶೇ. 43ರಷ್ಟು ತಗ್ಗಿತು ಎಂದು ಅಲ್ಲಿ ಹೇಳಲು ಸಾಧ್ಯವಾಯಿತು. ಆ ಸಮೀಕ್ಷೆಯ ಅಂಕಿಗಳೂ ತಾಕಿನಲ್ಲಿ ತೂಗಿದವಲ್ಲ, ಅದೇ ಸಮೀಕರಣ ಮತ್ತು ಗಾಳಿ ಸವೆತದ ಇನ್ನೊಂದು ಸಮೀಕರಣದಿಂದ ಬಂದವು.

ಭಾರತದಲ್ಲಿ ಇಂಥ ಸ್ಥಿರ ಬಿಂದುಗಳ ಜಾಲಕ್ಕೆ ಹತ್ತಿರವಾದದ್ದು ನಾಗಪುರದ ಬ್ಯೂರೋ ರಾಜ್ಯಗಳ ಮಣ್ಣಿನ ನಕ್ಷೆಗಾಗಿ ಬಳಸಿದ 10 ಕಿಲೋಮೀಟರ್ ಅಂತರದ ಚೌಕಜಾಲ. ಆ ಬಿಂದುಗಳ ಮಣ್ಣಿನ ಮಾಹಿತಿಯನ್ನೇ ಡೆಹ್ರಾಡೂನ್ ಸಂಸ್ಥೆಯೊಡನೆ ಸೇರಿ ರಾಜ್ಯವಾರು ಸವೆತದ ನಕ್ಷೆಗಳಿಗೂ ಬಳಸಲಾಯಿತು, ಮತ್ತು 2010ರ ಸಮನ್ವಿತ ಅಂಕಿಯ ನೀರಿನ ಸವೆತದ ಭಾಗ ಈ ನಕ್ಷೆಗಳನ್ನು ಆಧರಿಸಿದೆ.